ಚಂದ್ರನಲ್ಲಿ ಊರು: ಎರೆಸೀಮೆಯ ಕಡೆಯಿಂದ ಒಂದು ಲೆಕ್ಕ

ಚಂದ್ರನ ಮೇಲೆ ಜನವಸತಿ ಕಟ್ಟುತ್ತಾರಂತೆ ಎಂದು ರೋಣದ ಬಸ್‌ಸ್ಟ್ಯಾಂಡಿನಲ್ಲೋ ನರಗುಂದದ ಚಹಾದಂಗಡಿಯಲ್ಲೋ ಹೇಳಿ ನೋಡಿ. ರಾಕೆಟ್ ಎಷ್ಟು ದೊಡ್ಡದು, ಹೋಗಲು ಎಷ್ಟು ದಿನ ಎಂಬುದೆಲ್ಲ ಆಮೇಲೆ. ಮೊದಲು ಬರುವ ಪ್ರಶ್ನೆ ಒಂದೇ: "ಅಲ್ಲಿ ನೀರ ಐತೇನ್ರಿ?" ನಗುವಂಥ ಪ್ರಶ್ನೆ ಇದಲ್ಲ. 1969ರಿಂದ 1972ರವರೆಗೆ ಅಮೆರಿಕದ ಹನ್ನೆರಡು ಮಂದಿ ಚಂದ್ರನ ಮಧ್ಯಭಾಗದ ಸುತ್ತಮುತ್ತ ಇಳಿದು ಓಡಾಡಿ ಬಂದರು. ಈಗ ಹಲವು ದೇಶಗಳು ಇಳಿಯಲು ಕಷ್ಟವಾದ, ಗುಂಡಿ ದಿಣ್ಣೆಗಳ ದಕ್ಷಿಣ ಧ್ರುವದ ಕಡೆ ಮುಖ ಮಾಡಿವೆ. ಕಾರಣ ನೀರು. ಚಹಾದಂಗಡಿಯವರು ಮೊದಲೇ ಕೇಳಿದ್ದನ್ನು ಬಾಹ್ಯಾಕಾಶ ಸಂಸ್ಥೆಗಳು ಅರ್ಧ ಶತಮಾನ ಕಳೆದು ಕೇಳುತ್ತಿವೆ.

ಈ ಚರ್ಚೆ ಈಗ ಪರದೇಶದವರದ್ದು ಮಾತ್ರವಲ್ಲ. 2008ರ ಚಂದ್ರಯಾನ-1, 2019ರಲ್ಲಿ ಇಳಿಯುವ ಹೊತ್ತಿಗೆ ಬಿದ್ದುಹೋದ ಚಂದ್ರಯಾನ-2ರ ವಿಕ್ರಮ್, 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವದತ್ತ 69 ಡಿಗ್ರಿ ಅಕ್ಷಾಂಶದಲ್ಲಿ ಮೆಲ್ಲಗೆ ಕಾಲೂರಿದ ಚಂದ್ರಯಾನ-3, ಮೂರರ ಮಾತನ್ನೂ ಕೇಳಿಸಿಕೊಂಡಿದ್ದು ಬೆಂಗಳೂರಿನ ಹತ್ತಿರದ ಬ್ಯಾಲಾಳಿನ ದೊಡ್ಡ ಆಂಟೆನಾಗಳು. ವಿಕ್ರಮ್‌ನ ಕಣ್ಣುಗಳಿಗೆ ಚಂದ್ರನ ಗುಂಡಿಗಳನ್ನು ಗುರುತಿಸುವ ಅಭ್ಯಾಸ ಮಾಡಿಸಿದ್ದು ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ತೋಡಿದ ಕೃತಕ ಗುಂಡಿಗಳ ಮೇಲೆ. 2023ರ ಅಕ್ಟೋಬರಿನಲ್ಲಿ ಪ್ರಧಾನಿ ಗುರಿ ಕೊಟ್ಟರು: 2035ಕ್ಕೆ ನಮ್ಮದೇ ಬಾಹ್ಯಾಕಾಶ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ. ಅದೇ ವರ್ಷ ಜೂನ್‌ನಲ್ಲಿ ಭಾರತ ಅಮೆರಿಕದ ಆರ್ಟೆಮಿಸ್ ಒಪ್ಪಂದಕ್ಕೂ ಸಹಿ ಹಾಕಿತ್ತು. ಇನ್ನೊಂದು ಬದಿಯಲ್ಲಿ ಚೀನಾ ಮತ್ತು ರಷ್ಯಾ ಸೇರಿ ಚಂದ್ರನಲ್ಲಿ ಸಂಶೋಧನಾ ನೆಲೆ ಕಟ್ಟುವ ಯೋಜನೆಯನ್ನು 2021ರಲ್ಲೇ ಪ್ರಕಟಿಸಿವೆ.

ಆದ್ದರಿಂದ ಪ್ರಶ್ನೆಯನ್ನು ಸರಿಯಾಗಿ ಬಿಡಿಸಿ ಇಟ್ಟುಕೊಳ್ಳಬೇಕು. ಚಂದ್ರನಿಗೆ ಹೋಗಿಬರುವುದು ಒಂದು. ಅಲ್ಲಿ ಠಾಣೆ ಹಾಕಿ ಸರದಿಯ ಮೇಲೆ ನಾಲ್ಕಾರು ಜನ ದುಡಿಯುವುದು ಎರಡನೆಯದು. ಅಲ್ಲೇ ಹುಟ್ಟಿ, ಬೆಳೆದು, ಸಾಯುವ ಜನರ ಊರು ಕಟ್ಟುವುದು ಮೂರನೆಯದು. ಪರವಾಗಿ ಬರೆಯುವವರು ಮೊದಲನೆಯದರ ಲಾಭ ತೋರಿಸಿ ಮೂರನೆಯದಕ್ಕೆ ದುಡ್ಡು ಕೇಳುತ್ತಾರೆ. ವಿರೋಧಿಸುವವರು ಮೂರನೆಯದರ ಹುಚ್ಚುತನ ತೋರಿಸಿ ಮೊದಲನೆಯದನ್ನೂ ನಿಲ್ಲಿಸಿ ಎನ್ನುತ್ತಾರೆ. ಎರಡೂ ಕಡೆ ಲೆಕ್ಕ ತಪ್ಪಿದೆ.

ನೀರಿಲ್ಲದ ಕಡೆ ಜನ ನೆಲೆ ನಿಲ್ಲಬೇಕಾದರೆ ಏನೇನು ಬೇಕು ಎಂಬುದಕ್ಕೆ ರೋಣ, ನರಗುಂದ, ಗಜೇಂದ್ರಗಡದ ಸೀಮೆಗಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಚಾಲುಕ್ಯರ ಕಾಲದವರು ಜೋಡು ಕಳಸದ ಗುಡಿ ಕಟ್ಟಿದರಷ್ಟೇ ಸಾಲದೆಂದು ಕಲ್ಲಿನ ಮೆಟ್ಟಿಲುಗಳ ನಾಗಕುಂಡವನ್ನೂ ಕಟ್ಟಿದರು. ದೇವರಿಗೆಷ್ಟು ಕಲ್ಲು ಹೊತ್ತರೋ ನೀರಿಗೂ ಅಷ್ಟೇ ಕಾಳಜಿಯಿಂದ ಹೊತ್ತರು. ನಮ್ಮ ಕಾಲಕ್ಕೆ ಬಂದರೆ ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಿತ್ತು, 37.73 ಟಿಎಂಸಿ ಸಾಮರ್ಥ್ಯದ್ದು. ಕಾಲುವೆ ನರಗುಂದ, ನವಲಗುಂದದ ಎರೆಹೊಲಗಳ ಕಡೆ ಹೊರಟಿತು. ನೀರು ಎಲ್ಲ ಹೊಲಕ್ಕೆ ಸರಿಯಾಗಿ ಮುಟ್ಟುವ ಮೊದಲೇ ಸರ್ಕಾರ ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನು ಎಕರೆ ಲೆಕ್ಕದಲ್ಲಿ ಕೇಳಿತು. ಕಾಲುವೆಯ ಕೊನೆಯಲ್ಲಿದ್ದವನಿಗೆ ನೀರಿಗಿಂತ ನೋಟಿಸು ಮೊದಲು ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು, ರೈತರೂ ಪೊಲೀಸರೂ ಸತ್ತರು. ರಾಜ್ಯದ ರೈತ ಚಳವಳಿ ಅಲ್ಲಿಂದ ಎದ್ದು ನಿಂತಿತು. ಇವತ್ತಿಗೂ ಆ ದಿನವನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತಾರೆ.

ದೊಡ್ಡ ಯೋಜನೆಯನ್ನು ತೂಗುವುದಕ್ಕೆ ನರಗುಂದ ಕಲಿಸಿದ ಕ್ರಮ ಇದು: ಯಾರು ಮೊದಲು ಕೊಡುತ್ತಾರೆ, ಯಾರಿಗೆ ಯಾವಾಗ ಮುಟ್ಟುತ್ತದೆ, ಕಾಲುವೆಯ ಕೊನೆಯಲ್ಲಿ ಇರುವವರು ಯಾರು. ಚಂದ್ರನ ಊರಿಗೂ ಇದೇ ಅಳತೆ ಹಿಡಿದು ನೋಡೋಣ.

ಮೊದಲು ನೀರು. ಖಾಸಗಿ ಕಂಪನಿಯೊಂದು ಚಂದ್ರನ ನೆಲಕ್ಕೆ ಸಾಮಾನು ತಲುಪಿಸಲು ಪ್ರಕಟಿಸಿದ ದರ ಕೆಜಿಗೆ 12 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ ಸುಮಾರು ಹತ್ತು ಕೋಟಿ ರೂಪಾಯಿ. ಹದಿನೈದು ಲೀಟರ್ ಹಿಡಿಯುವ ಒಂದು ಕೊಡ ನೀರಿನ ಸಾಗಣೆಗೆ 150 ಕೋಟಿ ಆಯಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಒಬ್ಬರಿಗೆ ಕುಡಿಯಲು, ಅಡುಗೆಗೆ, ಮೈ ಒರೆಸಿಕೊಳ್ಳಲು ದಿನಕ್ಕೆ ನಾಲ್ಕು ಲೀಟರಿನ ಒಳಗೇ ನೀರು. ನಮ್ಮ ಜಲ ಜೀವನ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ಇಟ್ಟಿರುವ ಮಾನದಂಡ 55 ಲೀಟರ್. ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧ ಮಾಡಿ ಶೇಕಡ 98ರಷ್ಟು ನೀರನ್ನು ಮರಳಿ ಪಡೆಯುವ ಹಂತಕ್ಕೆ ಆ ನಿಲ್ದಾಣ 2023ರಲ್ಲಿ ಮುಟ್ಟಿತು. ದೊಡ್ಡ ಸಾಧನೆ, ಸಂದೇಹವಿಲ್ಲ. ಆದರೂ ಲೆಕ್ಕ ಹಾಕಿ: ಹನ್ನೆರಡು ಜನರ ಠಾಣೆ, ದಿನಕ್ಕೆ 48 ಲೀಟರ್, ಅದರಲ್ಲಿ ಶೇಕಡ 2 ನಷ್ಟವೆಂದರೆ ದಿನಕ್ಕೆ ಒಂದು ಲೀಟರು. ವರ್ಷಕ್ಕೆ 350 ಲೀಟರು. ಆ ದರದಲ್ಲಿ 3,500 ಕೋಟಿ ರೂಪಾಯಿ. ಚಂದ್ರನ ಮಣ್ಣು ತರುವ ಚಂದ್ರಯಾನ-4ಕ್ಕೆ 2024ರಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮೊತ್ತವೇ 2,104 ಕೋಟಿ. ಹನ್ನೆರಡು ಮಂದಿ ಸ್ನಾನ ಮಾಡದೆ, ಒಂದು ಗಿಡಕ್ಕೂ ನೀರು ಹಾಕದೆ ಬದುಕುವ ಲೆಕ್ಕ ಇದು.

ಸ್ಟಾರ್‌ಶಿಪ್‌ನಂಥ ಭಾರಿ ರಾಕೆಟ್‌ಗಳು ಬಂದರೆ ದರ ಇಳಿಯುತ್ತದೆ ಎನ್ನುತ್ತಾರೆ. ಇಳಿಯಲಿ. ಹತ್ತನೇ ಒಂದು ಭಾಗಕ್ಕೆ ಇಳಿದರೂ ಒಂದು ಕೊಡಕ್ಕೆ 15 ಕೋಟಿ. ಅದಕ್ಕೇ ಎಲ್ಲರ ಕಣ್ಣು ಚಂದ್ರನಲ್ಲೇ ಇರುವ ನೀರಿನ ಮೇಲೆ. ಅದು ಇದೆ ಎಂದು ಗಟ್ಟಿಯಾಗಿ ತಿಳಿದದ್ದರಲ್ಲಿ ನಮ್ಮ ಪಾಲು ದೊಡ್ಡದು. 386 ಕೋಟಿ ಖರ್ಚಿನ ಚಂದ್ರಯಾನ-1ರಲ್ಲಿ ಕುಳಿತು ಹೋದ ಅಮೆರಿಕದ ಉಪಕರಣ ಚಂದ್ರನ ಮೇಲ್ಮೈಯಲ್ಲಿ ನೀರಿನ ಅಣುಗಳ ಗುರುತು ಕಂಡಿತು, 2009ರ ಸೆಪ್ಟೆಂಬರಿನಲ್ಲಿ ಸುದ್ದಿ ಜಗತ್ತಿಗೆಲ್ಲ ಹರಡಿತು. ಮುಂದಿನ ತಿಂಗಳೇ ಅಮೆರಿಕ ಕೇಬಿಯಸ್ ಎಂಬ ಗುಂಡಿಗೆ ರಾಕೆಟ್ಟಿನ ಖಾಲಿ ಭಾಗವೊಂದನ್ನು ಅಪ್ಪಳಿಸಿ, ಎದ್ದ ಧೂಳನ್ನು ಅಳೆಯಿತು. ತೂಕದಲ್ಲಿ ಶೇಕಡ ಐದಕ್ಕಿಂತ ಸ್ವಲ್ಪ ಹೆಚ್ಚು ನೀರು. ಆದರೆ ಆ ಗುಂಡಿಗಳಿಗೆ ಕೋಟ್ಯಂತರ ವರ್ಷದಿಂದ ಬಿಸಿಲು ಬಿದ್ದಿಲ್ಲ. ಸೊನ್ನೆಗಿಂತ 200 ಡಿಗ್ರಿಗೂ ಕೆಳಗಿನ ಕತ್ತಲಲ್ಲಿ ಮಣ್ಣಿನೊಳಗೆ ಬೆರೆತು ಕಲ್ಲಾಗಿರುವ ಮಂಜು ಅದು. ಅದನ್ನು ತೋಡಿ ಒಂದು ಲೋಟ ನೀರು ಮಾಡಿದವರು ಇದುವರೆಗೆ ಯಾರೂ ಇಲ್ಲ. ನೆಲದಡಿಯಲ್ಲಿ ನೀರಿದ್ದೂ ಸವಳು, ಫ್ಲೋರೈಡ್‌ಗಳ ದೆಸೆಯಿಂದ ಕುಡಿಯಲು ಬಾರದೆ, ದೂರದ ನದಿಯಿಂದ ಪೈಪಿನಲ್ಲಿ ನೀರು ತರಿಸಿಕೊಳ್ಳುವ ಗದಗ ಜಿಲ್ಲೆಯ ಹಳ್ಳಿಗಳಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ನೀರು ಇರುವುದು ಬೇರೆ, ಕೊಡಕ್ಕೆ ಬೀಳುವುದು ಬೇರೆ.

ಊಟದ ಮಾತಿಗೆ ಬಂದರೆ ಒಂದು ಸ್ವಾರಸ್ಯವಿದೆ. ಬಾಹ್ಯಾಕಾಶದ ಬೇಸಾಯಕ್ಕಾಗಿ ಜಗತ್ತಿನ ವಿಜ್ಞಾನಿಗಳು ಮಾಡಿದ ಪ್ರಯೋಗಗಳಲ್ಲಿ ನಮ್ಮ ಎರೆಹೊಲದ ಬೆಳೆಗಳೂ ಕಾಣುತ್ತವೆ. ಮುಂಗಾರಿನ ಹೆಸರು ನೋಡಿ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಹೆಸರುಕಾಳು ಮತ್ತು ಮೆಂತ್ಯದ ಬೀಜಗಳೂ ಹೋದವು. ಪ್ರಯೋಗ ರೂಪಿಸಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ, ಧಾರವಾಡದ ಐಐಟಿಯ ಜೊತೆಗೂಡಿ. ಮೇಲೆ ಮೊಳಕೆ ಬಂದ ಕಾಳನ್ನು ಶೈತ್ಯದಲ್ಲಿಟ್ಟು ಕೆಳಗೆ ತಂದು, ಅದರ ಪೋಷಕಾಂಶ, ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ಉದ್ದೇಶ. ಮೊಳಕೆಕಾಳನ್ನು ಆರಿಸಿದ್ದು ಜಾಣತನ. ಮಣ್ಣು ಬೇಡ, ಒಲೆ ಬೇಡ, ಎರಡು ಮೂರು ದಿನ ಸಾಕು.

ಹತ್ತಿಯದು ಬೇರೆ ಕಥೆ. 2019ರ ಜನವರಿಯಲ್ಲಿ ಚೀನಾದ ಚಾಂಗ್'ಇ-4 ನೌಕೆ ಚಂದ್ರನ ಆಚೆ ಮುಖದಲ್ಲಿ ಇಳಿದಾಗ ಮುಚ್ಚಿದ ಡಬ್ಬಿಯಲ್ಲಿ ಭೂಮಿಯ ಮಣ್ಣು, ನೀರು, ಕೆಲವು ಬೀಜಗಳನ್ನು ಒಯ್ದಿತ್ತು. ಹತ್ತಿ ಬೀಜ ಒಡೆದು ಎಲೆ ತೋರಿಸಿತು. ಚಂದ್ರನ ಮೇಲೆ ಚಿಗುರಿದ ಮೊದಲ ಗಿಡ ಅದು. ಚಂದ್ರನ ರಾತ್ರಿ ಬಿದ್ದದ್ದೇ ಚಳಿಗೆ ಸತ್ತಿತು. ಇನ್ನು ಹಿಂಗಾರಿನ ಕಡಲೆ. ಟೆಕ್ಸಾಸ್ ಎ ಆಂಡ್ ಎಂ ವಿಶ್ವವಿದ್ಯಾಲಯದ ಸಂಶೋಧಕರು ಚಂದ್ರನ ಮಣ್ಣಿನಂತೆ ತಯಾರಿಸಿದ ಪುಡಿಗೆ ಎರೆಹುಳು ಗೊಬ್ಬರ ಮತ್ತು ಬೇರಿಗೆ ನೆರವಾಗುವ ಶಿಲೀಂಧ್ರ ಬೆರೆಸಿ ಕಡಲೆ ಬಿತ್ತಿದರು. ಮುಕ್ಕಾಲು ಭಾಗ ಚಂದ್ರನ ಪುಡಿ ಇದ್ದ ಕುಂಡದಲ್ಲೂ ಕಾಯಿ ಕಟ್ಟಿತು, 2024ರಲ್ಲಿ ವರದಿ ಬಂತು. ಗಿಡ ಸೊರಗಿತ್ತು, ಗೊಬ್ಬರವಿಲ್ಲದ ಬರೀ ಪುಡಿಯಲ್ಲಿ ಬೆಳೆ ಎಂಬುದಾಗಲಿಲ್ಲ. ಮೆಣಸಿನಕಾಯಿಯಂತೂ 2021ರಲ್ಲೇ ನಿಲ್ದಾಣದಲ್ಲಿ ಬೆಳೆದು ಗಗನಯಾತ್ರಿಗಳ ಬಾಯಿ ಸುಟ್ಟಿದೆ. ಬ್ಯಾಡಗಿ ತಳಿಯಲ್ಲ ಎಂಬುದು ನಮ್ಮ ಕಡೆಯವರ ಆಕ್ಷೇಪಣೆಯಾಗಿ ದಾಖಲಾಗಲಿ.

ಈ ಪ್ರಯೋಗಗಳನ್ನು ಓದುತ್ತ ಹೋದರೆ ಒಂದು ತಿಳಿಯುತ್ತದೆ. ಬೀಜ ಎಲ್ಲಿ ಬೇಕಾದರೂ ಮೊಳೆಯುತ್ತದೆ, ಅದಕ್ಕೆ ತನ್ನೊಳಗಿನ ಬುತ್ತಿ ಇದೆ. ಆಮೇಲಿನ ಬದುಕು ಮಣ್ಣಿನದ್ದು. ನವೆಂಬರಿನಲ್ಲಿ ಬಿತ್ತಿದ ಕಡಲೆ ಒಂದು ಹನಿ ಮಳೆ ಕಾಣದೆ ಫೆಬ್ರುವರಿಗೆ ಕೈಗೆ ಬರುವುದು ಎರೆಮಣ್ಣು ಹಿಂದಿನ ಮಳೆಯ ಹಸಿಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡಿರುವುದರಿಂದ. ಚಂದ್ರನ ಮಣ್ಣು ಮಣ್ಣೇ ಅಲ್ಲ. ಉಲ್ಕೆಗಳು ಬಡಿದು ಬಡಿದು ಪುಡಿಯಾದ ಕಲ್ಲು, ಗಾಜಿನ ಚೂರಿನಂಥ ಅಂಚು, ಒಂದು ಹುಳುವಿಲ್ಲ, ಕೊಳೆತ ಎಲೆಯಿಲ್ಲ. ಅಪೋಲೊ ತಂದ ನಿಜವಾದ ಚಂದ್ರಮಣ್ಣಿನಲ್ಲಿ ಫ್ಲೋರಿಡಾದವರು 2022ರಲ್ಲಿ ಸಾಸಿವೆ ಜಾತಿಯ ಪುಟ್ಟ ಗಿಡ ಬೆಳೆಸಿದಾಗಲೂ ಗಿಡಗಳು ಬದುಕಿದವು, ಆದರೆ ವಿಷದ ನೆಲದಲ್ಲಿ ಬೆಳೆದ ಲಕ್ಷಣ ತೋರಿಸಿದವು. ಹೊಲ ಮಾಡಲು ಅಲ್ಲಿ ಶತಮಾನಗಳ ಕೆಲಸ ಬಾಕಿ ಇದೆ.

ಮನೆಯ ವಿಷಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಸೇರಿ ಮಾಡಿದ ಕೆಲಸ ಹೆಚ್ಚು ಆಸೆ ಹುಟ್ಟಿಸುವಂಥದ್ದು. 2020ರಲ್ಲಿ ಅಲೋಕ್ ಕುಮಾರ್ ಮತ್ತು ಸಂಗಡಿಗರು ಚಂದ್ರನ ಮಣ್ಣಿನ ನಕಲಿಗೆ ಒಂದು ಬ್ಯಾಕ್ಟೀರಿಯಾ, ಯೂರಿಯಾ, ಸುಣ್ಣದ ಅಂಶ, ಜೊತೆಗೆ ಗೋರಿಕಾಯಿ ಬೀಜದ ಅಂಟು ಸೇರಿಸಿ ಇಟ್ಟಿಗೆ ಕಟ್ಟಿದರು. ಗೋರಿಕಾಯಿ ಅಂದರೆ ನಮ್ಮ ಚವಳಿಕಾಯಿ. ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆಯುವಾಗ ಸುಣ್ಣದ ಹರಳುಗಳು ಹುಟ್ಟಿ ಪುಡಿಯನ್ನು ಬಿಗಿಯುತ್ತವೆ, ಚವಳಿಯ ಅಂಟು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಭಟ್ಟಿ ಬೇಡ, ಸಿಮೆಂಟ್ ಬೇಡ. ಯೂರಿಯಾವನ್ನು ಮನುಷ್ಯನ ಮೂತ್ರದಿಂದಲೇ ಪಡೆಯಬಹುದು. ಬಿತ್ತನೆ ಹೊತ್ತಿಗೆ ಯೂರಿಯಾ ಚೀಲಕ್ಕೆ ಸೊಸೈಟಿಯ ಮುಂದೆ ಪಾಳಿ ಹಚ್ಚುವವರಿಗೆ ಈ ಸುದ್ದಿ ಹೇಗೆ ಕೇಳಿಸುತ್ತದೋ!

ಇಟ್ಟಿಗೆ ಯಾಕೆ ಬೇಕೆಂದರೆ ಚಂದ್ರನಿಗೆ ಗಾಳಿಯ ಹೊದಿಕೆ ಇಲ್ಲ. ಚಾಂಗ್'ಇ-4 ಅಳೆದಂತೆ ಅಲ್ಲಿ ದಿನಕ್ಕೆ ಸುಮಾರು 1.37 ಮಿಲಿಸೀವರ್ಟ್ ವಿಕಿರಣ ಮೈಗೆ ಬೀಳುತ್ತದೆ. ವರ್ಷಕ್ಕೆ 500. ಅಮೆರಿಕದ ನಾಸಾ ತನ್ನ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟಿರುವ ಮಿತಿ 600. ಬಯಲಿನಲ್ಲಿ ವಾಸಿಸಿದರೆ ಒಂದು ವರ್ಷ ಎರಡೂವರೆ ತಿಂಗಳಿಗೆ ಜೀವಮಾನದ ಪಾಲು ಮುಗಿಯಿತು. ಆದ್ದರಿಂದ ಮನೆಯನ್ನು ಕೆಲವು ಮೀಟರ್ ಮಣ್ಣಿನಡಿ ಹೂಳಬೇಕು. ಆ ಮಣ್ಣು ಚಳಿ ಬಿಸಿಲಿಗೂ ಒಳ್ಳೆಯ ರಕ್ಷಣೆ: ಚಂದ್ರಯಾನ-3ರ ವಿಕ್ರಮ್‌ನ ಉಪಕರಣ ಅಳೆದಾಗ ಮೇಲೆ 50 ಡಿಗ್ರಿಗೂ ಹೆಚ್ಚು ಬಿಸಿ ಇದ್ದ ಕಡೆ ಬರೀ ಎಂಟು ಸೆಂಟಿಮೀಟರ್ ಕೆಳಗೆ ಸೊನ್ನೆಗಿಂತ ಹತ್ತು ಡಿಗ್ರಿ ಕಡಿಮೆ ಇತ್ತು. ಇಲ್ಲವೇ ಲಾವಾ ಹರಿದು ಖಾಲಿಯಾದ ಸುರಂಗಗಳಲ್ಲಿ ಬಿಡಾರ ಹೂಡಬೇಕು. ಅಂಥದ್ದೊಂದನ್ನು ಚಂದ್ರಯಾನ-1ರ ಕ್ಯಾಮೆರಾವೇ ಗುರುತಿಸಿದೆ. ಏನೇ ಮಾಡಿದರೂ ಚಂದ್ರನ ಮನೆಗೆ ಕಿಟಕಿ ಇರುವುದಿಲ್ಲ. ಬಣ್ಣದ ಚಿತ್ರಗಳಲ್ಲಿ ತೋರಿಸುವ ಗಾಜಿನ ಗುಮ್ಮಟ ಮರೆತುಬಿಡಿ.

ಕರೆಂಟಿನದು ಚಿಕ್ಕ ಮಾತು, ಆದರೆ ಗಟ್ಟಿ ಮಾತು. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿ ಫ್ಯಾನುಗಳು ಮಳೆಗಾಲದಲ್ಲಿ ರಾತ್ರಿಯೂ ತಿರುಗುತ್ತವೆ. ಚಂದ್ರನಲ್ಲಿ ಗಾಳಿಯಿಲ್ಲ, ರಾತ್ರಿ ಹದಿನಾಲ್ಕು ದಿನದ್ದು. 2023ರ ಸೆಪ್ಟೆಂಬರಿನ ಮೊದಲ ವಾರ ಮಲಗಿಸಿದ ವಿಕ್ರಮ್ ಮತ್ತು ಅದರ ರೋವರ್ ಪ್ರಜ್ಞಾನ್ ಸೂರ್ಯ ಹುಟ್ಟಿದ ಮೇಲೆ ಏಳಲೇ ಇಲ್ಲ. ಧ್ರುವದ ಕೆಲವು ಎತ್ತರದ ಅಂಚುಗಳಲ್ಲಿ ವರ್ಷದ ಬಹುಕಾಲ ಬಿಸಿಲು ಸಿಗುತ್ತದೆ. ಉಳಿದ ಹೊತ್ತಿಗೆ ಅಣುಶಕ್ತಿಯೇ ಗತಿ. ಅಮೆರಿಕ, ರಷ್ಯಾ, ಚೀನಾ ಮೂರೂ ಚಂದ್ರನ ಮೇಲೆ ರಿಯಾಕ್ಟರ್ ಇಡುವ ಮಾತಾಡುತ್ತಿರುವುದು ಅದಕ್ಕೇ.

ಇಷ್ಟೆಲ್ಲ ಹೊಂದಿಸಿದರೂ ಮುಚ್ಚಿದ ಮನೆಯೊಳಗಿನ ಗಾಳಿಯನ್ನು ಸರಿಯಾಗಿ ನಡೆಸುವುದು ಸುಲಭವಲ್ಲ. 1991ರಲ್ಲಿ ಅರಿಜೋನಾದ ಬಯೋಸ್ಫಿಯರ್-2 ಎಂಬ ಗಾಜಿನ ಲೋಕದಲ್ಲಿ ಎಂಟು ಜನ ಎರಡು ವರ್ಷಕ್ಕೆಂದು ಒಳಗೆ ಹೋದರು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ತಿನ್ನುತ್ತ ಹೋದವು, ಹೊರಬಂದ ಇಂಗಾಲದ ಡೈಆಕ್ಸೈಡನ್ನು ಗೋಡೆಯ ಕಾಂಕ್ರೀಟು ಕುಡಿಯಿತು. ಆಮ್ಲಜನಕ ಶೇಕಡ 21ರ ಹತ್ತಿರ ಇದ್ದದ್ದು ಹದಿನಾಲ್ಕಕ್ಕೆ ಇಳಿದಾಗ ಹೊರಗಿನಿಂದ ತುಂಬಬೇಕಾಯಿತು. ಗೋಡೆ ಹೀಗೆ ಮಾಡುತ್ತದೆಂದು ಯಾರೂ ಎಣಿಸಿರಲಿಲ್ಲ. ಬೀಜಿಂಗಿನ 'ಚಂದ್ರ ಅರಮನೆ' ಹೆಸರಿನ ಮುಚ್ಚಿದ ಕೋಣೆಗಳಲ್ಲಿ ಎಂಟು ಮಂದಿ ಸರದಿಯ ಮೇಲೆ ಒಟ್ಟು 370 ದಿನ ಬದುಕಿ 2018ರ ಮೇ ತಿಂಗಳಲ್ಲಿ ಹೊರಬಂದರು. ಅದು ಗೆದ್ದಿತು. ಆದರೆ ಬಾಗಿಲು ತೆರೆದರೆ ಹೊರಗೆ ಬೀಜಿಂಗ್ ಇತ್ತು. ಆ ಧೈರ್ಯ ಚಂದ್ರನಲ್ಲಿ ಇರುವುದಿಲ್ಲ.

ಇನ್ನು ಮನುಷ್ಯನ ದೇಹ. ಚಂದ್ರನಲ್ಲಿ ನಮ್ಮ ತೂಕ ಆರನೇ ಒಂದು ಭಾಗ. ತೂಕವೇ ಇಲ್ಲದ ನಿಲ್ದಾಣದಲ್ಲಿ ತಿಂಗಳಿಗೆ ಶೇಕಡ ಒಂದರಷ್ಟು ಮೂಳೆ ಸವೆಯುತ್ತದೆ. ಚಂದ್ರನ ನೆಲದಲ್ಲಿ ಮನುಷ್ಯ ಅತಿ ಹೆಚ್ಚು ಕಾಲ ಇದ್ದದ್ದು ಅಪೋಲೊ-17ರಲ್ಲಿ, 75 ಗಂಟೆ. ಅಲ್ಲಿ ಬಸುರಿ, ಬಾಣಂತನ, ಮಗುವಿನ ಮೂಳೆ ಬಲಿಯುವುದು ಹೇಗೆ ಎಂಬುದಕ್ಕೆ ಒಂದು ಪ್ರಯೋಗವೂ ಆಗಿಲ್ಲ, ಮಾಡುವುದು ನ್ಯಾಯವೂ ಅಲ್ಲ. ಮಗು ಹುಟ್ಟಿಸಲಾಗದ ಜಾಗವನ್ನು ಊರು ಎನ್ನುವುದು ಹೇಗೆ?

ಗಜೇಂದ್ರಗಡ, ರೋಣದ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವವರನ್ನು ನೆನೆಯಿರಿ. ಕಟ್ಟಡದ ಪಕ್ಕ ತಗಡಿನ ಶೆಡ್ಡು ಹಾಕಿಕೊಂಡು ಎಂಟು ತಿಂಗಳು ಇರುತ್ತಾರೆ. ನೀರು, ರೇಷನ್ನು ಎಲ್ಲ ಹೊರಗಿನಿಂದ. ಮನಸ್ಸು ಊರಿನಲ್ಲಿ, ದುಡಿದದ್ದು ಊರಿಗೆ, ಹಬ್ಬಕ್ಕೆ ವಾಪಸ್ಸು. ಚಂದ್ರನಲ್ಲಿ ಈ ಶತಮಾನದಲ್ಲಿ ಕಟ್ಟಬಹುದಾದದ್ದು ಅಂಥ ಗುಳೆಯ ಶೆಡ್ಡು, ಎಷ್ಟೇ ದುಬಾರಿಯದಾದರೂ. ಅದರಲ್ಲಿ ಕೀಳೇನೂ ಇಲ್ಲ. ಅಂಟಾರ್ಕ್ಟಿಕಾದಲ್ಲಿ ಭಾರತ 1983ರ ಸುಮಾರಿಗೆ ದಕ್ಷಿಣ ಗಂಗೋತ್ರಿ ಕಟ್ಟಿ, 1989ರಲ್ಲಿ ಮೈತ್ರಿ, 2012ರಲ್ಲಿ ಭಾರತಿ ನೆಲೆಗಳನ್ನು ತೆರೆದು ನಾಲ್ಕು ದಶಕದಿಂದ ವಿಜ್ಞಾನ ಮಾಡುತ್ತಿದೆ. ಅಲ್ಲಿ ಉಸಿರಾಡಲು ಗಾಳಿಯಿದೆ, ಕಾಲಡಿ ನೀರ್ಗಲ್ಲಿದೆ, ಹಡಗು ಹೋಗುತ್ತದೆ. ಆದರೂ ಊರು ಕಟ್ಟೋಣ ಎಂದು ನಮ್ಮಲ್ಲಿ ಯಾರೂ ಅನ್ನಲಿಲ್ಲ. ಅರ್ಜೆಂಟೀನಾ ತನ್ನ ಹಕ್ಕು ಸಾಧಿಸಲು ಕುಟುಂಬಗಳನ್ನು ಕಳಿಸಿ 1978ರಲ್ಲಿ ಅಲ್ಲಿ ಒಂದು ಮಗು ಹುಟ್ಟುವಂತೆ ಮಾಡಿತು. ಅದು ರಾಜಕೀಯ, ವಸಾಹತು ಅಲ್ಲ.

ಹಾಗಾದರೆ ಊರು ಬೇಕೆನ್ನುವವರ ವಾದವೇನು? ಭೂಮಿಗೆ ಆಪತ್ತು ಬಂದರೆ ಮನುಷ್ಯಕುಲ ಉಳಿಯಲು ಎರಡನೇ ಮನೆ ಬೇಕು ಎಂಬುದು ಮೊದಲನೆಯದು. ಇದು ನಿಲ್ಲುವ ವಾದವಲ್ಲ. ಹತ್ತು ಕೆಜಿ ಬಿಡಿಭಾಗಕ್ಕೂ ಭೂಮಿಯತ್ತ ಕೈಯೊಡ್ಡುವ ನೆಲೆ ಭೂಮಿ ಹಾಳಾದ ಮರುವರ್ಷವೇ ಹಾಳಾಗುತ್ತದೆ. ಬಾಹ್ಯಾಕಾಶದ ಬಂಡೆ ಬಡಿಯಬಹುದೆಂಬ ಹೆದರಿಕೆಯಾದರೆ, 2022ರಲ್ಲಿ ನಾಸಾದ ಡಾರ್ಟ್ ನೌಕೆ ಅಂಥ ಬಂಡೆಯೊಂದಕ್ಕೆ ಢಿಕ್ಕಿ ಹೊಡೆದು ಅದರ ಹಾದಿ ಬದಲಿಸಿ ತೋರಿಸಿತು, ಅದು ಅಗ್ಗ. ಎರಡನೆಯದು ಹೀಲಿಯಂ-3 ಎಂಬ ಇಂಧನ. ಅದನ್ನು ಸುಡುವ ಒಲೆಯೇ ಜಗತ್ತಿನಲ್ಲಿ ಇನ್ನೂ ಇಲ್ಲ, ಸೌದೆಯ ವ್ಯಾಪಾರದ ಮಾತೇಕೆ.

ಮೂರನೆಯದು ವಿಜ್ಞಾನ, ಇಲ್ಲಿ ತಲೆಬಾಗಬೇಕು. ಬ್ರಹ್ಮಾಂಡದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಅತಿ ಕ್ಷೀಣ ರೇಡಿಯೊ ಸದ್ದನ್ನು ಹಿಡಿಯಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ ಎಂಬ ಉಪಕರಣವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟಿದ್ದರು. ಮೊಬೈಲು, ಎಫ್‌ಎಂ, ಟಿವಿಗಳ ಗದ್ದಲದಿಂದ ದೂರ ಹೋಗಲು ನಮ್ಮ ನಾಡಿನಲ್ಲಿ ಇನ್ನೆಷ್ಟು ದೂರ ಹೋಗುವುದು? ಚಂದ್ರನ ಆಚೆ ಮುಖಕ್ಕೆ ಭೂಮಿಯ ಗದ್ದಲ ಮುಟ್ಟುವುದೇ ಇಲ್ಲ. ಅದೇ ಸಂಸ್ಥೆಯವರು ಪ್ರತುಷ್ ಎಂಬ ಉಪಕರಣವನ್ನು ಚಂದ್ರನ ಸುತ್ತ ಕಳಿಸುವ ಸಿದ್ಧತೆಯಲ್ಲಿದ್ದಾರೆ. ಚಂದ್ರ ನಿಜವಾಗಿ ಉಪಯೋಗಕ್ಕೆ ಬರುವುದು ಹೀಗೆ. ಆದರೆ ಗಮನಿಸಿ, ಈ ಕೆಲಸಕ್ಕೆ ಅಲ್ಲಿ ಜನ ಇರಬೇಕಿಲ್ಲ. ಜನ ಹೋದಷ್ಟೂ ಗದ್ದಲವೂ ಹೋಗುತ್ತದೆ.

ದುಡ್ಡಿನ ವಿಷಯದಲ್ಲಿ ನಮ್ಮ ಕಡೆ ಒಂದು ಮಾತು ಮತ್ತೆ ಮತ್ತೆ ಕೇಳುತ್ತದೆ: ಚಂದ್ರನಿಗೆ ಹೋಗುವ ರೊಕ್ಕ ಮಹದಾಯಿಗೆ ಹಾಕಬಾರದಿತ್ತೇ? ಸಿಟ್ಟು ನ್ಯಾಯವಾದದ್ದು, ಲೆಕ್ಕ ಸರಿಯಲ್ಲ. 2025-26ರಲ್ಲಿ ಬಾಹ್ಯಾಕಾಶ ಇಲಾಖೆಗೆ ಸಿಕ್ಕದ್ದು ಸುಮಾರು 13,400 ಕೋಟಿ, ಕೇಂದ್ರದ ನೂರು ರೂಪಾಯಿ ಖರ್ಚಿನಲ್ಲಿ ಕಾಲು ರೂಪಾಯಿ. ಚಂದ್ರಯಾನ-3ರ ಖರ್ಚು ಸುಮಾರು 615 ಕೋಟಿ. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದದಲ್ಲಿ ಧರಣಿ ಶುರುವಾದದ್ದು 2015ರ ಜುಲೈನಲ್ಲಿ. ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಮಲಪ್ರಭೆಗೆ ತಿರುಗಿಸಲು 3.9 ಟಿಎಂಸಿ ಕೊಟ್ಟಿತು, 2020ರಲ್ಲಿ ಗೆಜೆಟ್ಟೂ ಆಯಿತು. ಆಮೇಲೂ ನೀರು ಬಾರದೆ ನಿಂತದ್ದು ಅರಣ್ಯ, ವನ್ಯಜೀವಿ ಅನುಮತಿಗಳಲ್ಲಿ, ಗೋವಾದ ತಕರಾರಿನಲ್ಲಿ. ರೊಕ್ಕದ ಕೊರತೆಗೆ ಅಲ್ಲ.

ಆದರೆ ಊರು ಕಟ್ಟುವ ಮೊತ್ತ ಬಂದಾಗ ಅದೇ ಸಿಟ್ಟಿಗೆ ಲೆಕ್ಕವೂ ಸೇರುತ್ತದೆ. ಅಮೆರಿಕದ ಚಂದ್ರ ಕಾರ್ಯಕ್ರಮವಾದ ಆರ್ಟೆಮಿಸ್‌ಗೆ 2025ರವರೆಗೆ 9,300 ಕೋಟಿ ಡಾಲರ್ ಆಗುತ್ತದೆಂದು ನಾಸಾದ ಲೆಕ್ಕ ತಪಾಸಣೆಯವರೇ ಅಂದಾಜಿಸಿದ್ದರು. ನಮ್ಮ ಎಂಟು ಲಕ್ಷ ಕೋಟಿ ರೂಪಾಯಿಯ ಹತ್ತಿರ, ಅಂದರೆ ಇಸ್ರೊದ ಈಗಿನ ಅರವತ್ತು ವರ್ಷದ ಬಜೆಟ್. ಅಷ್ಟು ಖರ್ಚಿನ ಹೊತ್ತಿಗೂ ಚಂದ್ರನಲ್ಲಿ ಒಂದು ಕೋಣೆಯೂ ಎದ್ದಿರಲಿಲ್ಲ. ಇಂಥ ಯೋಜನೆಯಲ್ಲಿ ಕರ ಇಂದಿನವರದು, ನೀರು ಯಾರ ಮೊಮ್ಮಕ್ಕಳಿಗೋ. ಕಾಲುವೆಯ ಕೊನೆಯಲ್ಲಿ ನಿಲ್ಲುವವರು ನಾವೇ.

ಬಾಹ್ಯಾಕಾಶದಿಂದ ರೈತನಿಗೆ ಲಾಭವಾಗಿಲ್ಲವೇ ಎಂದು ಕೇಳಿದರೆ, ಆಗಿದೆ, ಚೆನ್ನಾಗಿಯೇ ಆಗಿದೆ. ಹವಾಮಾನದ ಮುನ್ಸೂಚನೆ, ಬೆಳೆವಿಮೆಯ ಸಮೀಕ್ಷೆ, ಗದಗ ಜಿಲ್ಲೆಯೂ ಸೇರಿದ್ದ ಸುಜಲ ಜಲಾನಯನ ಯೋಜನೆಯ ನಕ್ಷೆಗಳು, ಇವೆಲ್ಲ ಉಪಗ್ರಹಗಳ ಕೊಡುಗೆ. ಆ ಉಪಗ್ರಹಗಳು ಭೂಮಿಯನ್ನು ನೋಡುವಂಥವು. ಅವುಗಳ ಜಮೆಯನ್ನು ಚಂದ್ರನ ಖಾತೆಗೆ ಬರೆಯಬಾರದು. ವಿಕ್ರಮ್ ಸಾರಾಭಾಯಿ ಈ ದೇಶದ ಬಾಹ್ಯಾಕಾಶ ಕಾರ್ಯಕ್ರಮ ಕಟ್ಟುವಾಗ, ಚಂದ್ರನಿಗೆ, ಗ್ರಹಗಳಿಗೆ ಹೋಗುವುದರಲ್ಲಿ ಶ್ರೀಮಂತ ದೇಶಗಳ ಜೊತೆ ಪೈಪೋಟಿಯ ಕನಸು ನಮಗಿಲ್ಲ, ಜನರ ಕಷ್ಟಕ್ಕೆ ತಂತ್ರಜ್ಞಾನ ತರುವುದು ನಮ್ಮ ಕೆಲಸ ಎಂದಿದ್ದರು. ಅವರ ಹೆಸರಿನ ನೌಕೆಯೇ ಚಂದ್ರನ ಮೇಲೆ ನಿಂತಿದೆ. ಕಾಲ ಬದಲಾಯಿತು, ಬದಲಾದದ್ದು ತಪ್ಪೂ ಅಲ್ಲ. ಅವರ ಎರಡನೇ ಮಾತು ಮಾತ್ರ ಇನ್ನೂ ಹಳೆಯದಾಗಿಲ್ಲ.

ಒಡೆತನದ ಬಗ್ಗೆ ಎರಡು ಮಾತು. ಚಂದ್ರನಲ್ಲಿ ಎಕರೆ ಜಾಗ ಕೊಂಡು ಹೆಂಡತಿಗೋ ಮಗನಿಗೋ ಉಡುಗೊರೆ ಕೊಟ್ಟವರ ಸುದ್ದಿ ಆಗಾಗ ಪತ್ರಿಕೆಯಲ್ಲಿ ಬರುತ್ತದೆ. ಆ ಜಾಗಕ್ಕೆ ಉತಾರ ಕೊಡುವ ತಲಾಠಿ ಎಲ್ಲಿಯೂ ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಚಂದ್ರನ ನೆಲದ ಮೇಲೆ ಯಾವ ದೇಶವೂ ಹಕ್ಕು ಸಾಧಿಸುವಂತಿಲ್ಲ. ಆದರೆ ನೆಲ ನಮ್ಮದಲ್ಲ, ತೆಗೆದ ಖನಿಜ ನಮ್ಮದು ಎನ್ನುವ ಕಾನೂನನ್ನು ಅಮೆರಿಕ 2015ರಲ್ಲೇ ಮಾಡಿಕೊಂಡಿದೆ, ಆರ್ಟೆಮಿಸ್ ಒಪ್ಪಂದದ ದನಿಯೂ ಅದೇ. ಮೊದಲು ಹೋದವರು ಮಂಜಿನ ಗುಂಡಿಯ ಸುತ್ತ 'ಸುರಕ್ಷತಾ ವಲಯ' ಎಂದು ಗೆರೆ ಎಳೆದರೆ ಕಡೆಗೆ ಹೋದವರಿಗೆ ಉಳಿಯುವುದು ಒಣ ಬಯಲು. ದತ್ತಕಕ್ಕೆ ಒಪ್ಪಿಗೆಯಿಲ್ಲ ಎಂದು ಬ್ರಿಟಿಷರ ದೂರದ ಕಚೇರಿಯೊಂದು ನಿರ್ಧರಿಸಿದ್ದರಿಂದ ನರಗುಂದದ ಅರಸ ಬಾಬಾಸಾಹೇಬ ದಂಗೆಯೆದ್ದು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದ. ನೆಲದ ತೀರ್ಮಾನ ಮಾಡುವ ಕೋಣೆಯೊಳಗೆ ನಾವಿರಬೇಕು ಎಂಬುದಕ್ಕೆ ಇದಕ್ಕಿಂತ ದೂರದ ಉದಾಹರಣೆ ಬೇಡ. ಭಾರತ ಚಂದ್ರನ ಓಟದಲ್ಲಿ ಉಳಿಯಬೇಕಾದ ಬಲವಾದ ಕಾರಣ ನನಗೆ ಕಾಣುವುದು ಇದೊಂದೇ. ಹೋಗದವರಿಗೆ ನಿಯಮ ಬರೆಯುವ ಮೇಜಿನಲ್ಲಿ ಕುರ್ಚಿ ಸಿಗುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ಯಂತ್ರಗಳು ಹೋಗಲಿ, ಮಣ್ಣು ಬರಲಿ, ಬೇರೆ ದೇಶಗಳ ಜೊತೆ ಖರ್ಚು ಹಂಚಿಕೊಂಡು ಅಂಟಾರ್ಕ್ಟಿಕಾದ ಮಾದರಿಯ ಠಾಣೆಯಾದರೆ ಅದಕ್ಕೂ ನಮ್ಮವರು ಸರದಿಯ ಮೇಲೆ ಹೋಗಲಿ. ಊರಿಗೆ ಒಂದು ರೂಪಾಯಿಯೂ ಬೇಡ, ಚಂದ್ರನ ಮಂಜಿನಿಂದ ಒಂದು ಕೊಡ ನೀರು ತೆಗೆದು ತೋರಿಸುವವರೆಗೆ.

ಇನ್ನೊಂದು ಕೋರಿಕೆ. ಮೂತ್ರದಿಂದ ನೀರು, ಸತ್ವವಿಲ್ಲದ ಪುಡಿಯಲ್ಲಿ ಕಡಲೆ, ಭಟ್ಟಿಯಿಲ್ಲದ ಇಟ್ಟಿಗೆ, ಈ ಸಂಶೋಧನೆಗಳ ಮೊದಲ ಗಿರಾಕಿ ಚಂದ್ರನಾಗಬೇಕಿಲ್ಲ. ಸವಳು ಹಿಡಿದ ಕಾಲುವೆ ಹೊಲ, ಫ್ಲೋರೈಡ್ ನೀರಿನ ಹಳ್ಳಿ ಇಲ್ಲೇ ಇವೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ರೋಣ, ನರಗುಂದ, ಗಜೇಂದ್ರಗಡದಿಂದ ಪ್ರತಿ ವರ್ಷ ರೈತರು ಹೋಗುತ್ತಾರೆ. ಅಲ್ಲಿ ಒಂದು ಮಳಿಗೆಯನ್ನು ಈ ಕೆಲಸಕ್ಕೆ ಮೀಸಲಿಡಲಿ. ಈ ಸಂಶೋಧನೆಗಳಿಂದ ಏನು ತಿಳಿಯಿತು, ನಮ್ಮ ಹೊಲಕ್ಕೆ ಅದರಲ್ಲಿ ಏನು ಬಂತು, ಏನು ಬರಲಿಲ್ಲ ಎಂಬುದನ್ನು ಸಂಶೋಧಕರೇ ಕನ್ನಡದಲ್ಲಿ ನಿಂತು ಹೇಳಲಿ.